ಗಂಡನಿಗೆ ಹೇಳಿದ ನೆಲ್ಲಿಕಾಯಿ

ತಂಗಿಯ ಅತ್ತೆ ನೆಲ್ಲಿಕಾಯಿ ಜಜ್ಜಿ, ರಸ ಹಿಂಡಿ, ಲೋಟವನ್ನು ತಂಗಿಯ ಕೈಗೆ ಕೊಟ್ಟರು. ನಾನು ಅವರ ಶಹಾಪುರದ ಮನೆಗೆ ಹೋಗಿದ್ದೆ. ಯಾದಗಿರಿಯ ಡಾಕ್ಟರು ನೆಲ್ಲಿಕಾಯಿ ಹೇಳಿದ್ದು ತಂಗಿಯ ಗಂಡನಿಗೆ. ವೀರ್ಯಾಣು ಕಡಿಮೆ ಇದ್ದದ್ದು ಅವನಲ್ಲಿ. ಫೋನಿನ ತರಂಗವೊಂದೇ ಕಾರಣ ಎನ್ನಲಾಗದು, ಆದರೂ ದಿನವಿಡೀ ಪ್ಯಾಂಟಿನ ಕಿಸೆಯಲ್ಲಿ ಇಡಬೇಡಿ, ನೆಲ್ಲಿಕಾಯಿ, ಪೇರಲ, ನುಗ್ಗೆಸೊಪ್ಪು ತಿನ್ನಿ ಎಂದಿದ್ದರು.

“ಇದು ನಿಮ್ಮ ಮಗಗ ಹೇಳಿದ್ದಲ್ಲೇನ್ರಿ?” ಎಂದೆ.

“ಗಂಡಸಿಗೇನ ಆಗಿರ್ತದ ಯವ್ವಾ? ಬಸರಾಗಾಕಿ ಆಕಿ, ಕುಡಿಯಾಕಿನೂ ಆಕಿನ.”

“ಹಂಗಾರ ಫೋನೂ ನಾನೇ ಇಟ್ಕೋತೀನಿ ಬಿಡ್ರಿ ಅತ್ತಿ,” ಎಂದು ತಂಗಿ ನಕ್ಕಳು. ಅವಳ ಗಂಡ ಫೋನನ್ನು ಕಿಸೆಗೆ ಹಾಕಿಕೊಂಡು ಹೊರಗೆ ಹೋದ.

ಮರುದಿನ ತಂಗಿಗೆ ಜ್ವರ ಬಂತು. ಡೆಂಗಿಯಿಂದ ಎಂಟನೇ ದಿನ ತೀರಿಕೊಂಡಳು. ಹೆಣಕ್ಕೆ ಉಡಿ ತುಂಬುವಾಗ ಓಣಿಯ ಹೆಂಗಸೊಬ್ಬಳು, “ಪಾಪ, ಬಂಜಿಯಾಗೇ ಹೋದ್ಳು,” ಅಂದಳು. ಅತ್ತೆ ತಲೆಯಾಡಿಸಿದರು. ಎಲ್ಲ ಗೊತ್ತಿದ್ದ ಗಂಡ ಪಕ್ಕದಲ್ಲೇ ಸುಮ್ಮನೆ ನಿಂತಿದ್ದ.

ಈಗ ಅವನಿಗೆ ಸುರಪುರದಲ್ಲಿ ಹೆಣ್ಣು ನೋಡುತ್ತಿದ್ದಾರೆ. ದೋಷ ನನ್ನ ತಂಗಿಯದಲ್ಲ ಎಂಬ ಒಂದು ಮಾತನ್ನು ಆ ಮನೆಯವರು ಓಣಿಯಲ್ಲೂ ಹೇಳಿಲ್ಲ, ಆ ಹೆಣ್ಣಿನ ಮನೆಯಲ್ಲೂ ಹೇಳಿಲ್ಲ.