ಮೇಷ್ಟ್ರ ಮುಖಪುಟದ ಕೆಂಪು ಬೊಟ್ಟು

ನಮ್ಮೂರಿನ ಆದಿನಾರಾಯಣಪ್ಪ ಮೇಷ್ಟ್ರು ಮಕ್ಕಳಿಗಾಗಿ ಪುಸ್ತಕ ಬರೆಯುತ್ತಾರೆ. ಕತೆಯಲ್ಲ, ಪದ್ಯವಲ್ಲ, ಸಮಾಜದ ಗಂಭೀರ ಸಮಸ್ಯೆಗಳನ್ನು ಎಳೆಯರಿಗೆ ತಿಳಿಸಿಕೊಡುವ ಪುಸ್ತಕಗಳು. ಕುಡಿತ, ವರದಕ್ಷಿಣೆ, ಬಾಲ್ಯವಿವಾಹ, ಮೂಢನಂಬಿಕೆ, ಯಾವುದನ್ನೂ ಬಿಟ್ಟಿಲ್ಲ. ಪಂಚಾಯ್ತಿಯ ಗ್ರಂಥಾಲಯ ನೋಡಿಕೊಳ್ಳುವವಳು ನಾನಾದ್ದರಿಂದ ಅವನ್ನೆಲ್ಲ ಓದುವ ಕರ್ಮ ನನ್ನದಾಗಿದೆ.

ಯಾವ ಪುಸ್ತಕ ತೆರೆದರೂ ಒಬ್ಬ ತಾತ ಜಗಲಿಯ ಮೇಲೆ ಕೂತಿರುತ್ತಾನೆ. ಮಕ್ಕಳು ಕೆಳಗೆ, ನೆಲದ ಮೇಲೆ. ತಾತ 'ಮುದ್ದು ಮಕ್ಕಳೇ' ಎಂದು ಶುರು ಮಾಡಿದರೆ ಕೊನೆಯ ಪುಟದವರೆಗೂ ಬಾಯಿ ಮುಚ್ಚುವುದಿಲ್ಲ. ನಡುನಡುವೆ ಯಾವುದೋ ಮಗು 'ಹೌದಾ ತಾತ?' ಎನ್ನುತ್ತದೆ, ಅಷ್ಟೇ ಮಕ್ಕಳ ಪಾಲು. ಕುಡಿತದ ಪುಸ್ತಕದಲ್ಲಿ ಮಗಳ ಹಾಡು ಕೇಳಿದ ಅಪ್ಪ ಅವತ್ತೇ ಬಾಟಲಿ ಬಿಸಾಡುತ್ತಾನೆ. ಅಪ್ಪ ಕುಡಿದು ಬಂದು ಅಮ್ಮನನ್ನು ಒದೆಯುವುದನ್ನು ದಿನಾ ನೋಡುವ ಮಗುವಿಗೆ ಇದನ್ನು ಕೊಟ್ಟರೆ, ತನಗೆ ಹಾಡಲು ಬರದಿರುವುದೇ ತಪ್ಪೇನೋ ಅಂದುಕೊಳ್ಳಬೇಕು. ಇದನ್ನು ಬರೆದವರಿಗೆ ತೂಬಗೆರೆಯಲ್ಲಿ ಕರೆದು ಶಾಲು ಹೊದಿಸಿದ್ದಾರೆ.

ಮೇಷ್ಟ್ರದು ದ್ರಾಕ್ಷಿ ತೋಟ, ದನದ ಕೊಟ್ಟಿಗೆ ಇರುವ ಅನುಕೂಲಸ್ಥರ ಮನೆ. ಹೈಸ್ಕೂಲಿನಲ್ಲಿ ನಮಗೆ ಸಮಾಜ ವಿಜ್ಞಾನ ಹೇಳಿಕೊಟ್ಟವರು ಅವರೇ. ಹೇಳಿಕೊಟ್ಟರು ಅನ್ನುವುದಕ್ಕಿಂತ ಬರೆಸಿದರು ಎನ್ನುವುದು ಸರಿ. ಪ್ರಶ್ನೆ ಕೇಳಿದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು, ನಾನೂ ನಿಂತಿದ್ದೇನೆ. ರಿಟೈರಾದ ಮೇಲೆ ಕೆಳಗೆ ಕೂತು ಕೇಳುವವರು ಯಾರೂ ಇಲ್ಲದೆ ಚಡಪಡಿಸಿ, ಕಾಗದದ ಮೇಲೆ ಮಕ್ಕಳನ್ನು ಕೂರಿಸಿಕೊಂಡರು. ಈಗ ಯಾವ ಮದುವೆಗೆ ಹೋದರೂ ಮುಯ್ಯಿಯ ಬದಲು ತಮ್ಮದೇ ವರದಕ್ಷಿಣೆಯ ಪುಸ್ತಕ ಕೊಟ್ಟು ಬರುತ್ತಾರೆ. ಒಂದು ಮದುವೆಯಲ್ಲಿ ಮಾವ ಕೊಡಿಸಿದ ಹೊಸ ಕಾರಿಗೆ ಒರಗಿ ನಿಂತಿದ್ದ ಮದುಮಗನ ಕೈಗೇ ಅದನ್ನಿತ್ತು, ಫೋಟೊ ತೆಗೆಸಿಕೊಂಡರು. ನಗು ತಡೆಯಲಾಗದೆ ನಾನು ಊಟದ ಪಂಕ್ತಿಗೆ ಓಡಿದೆ.

ಹೋದ ವರ್ಷ ಅವರ ಕಣ್ಣು ಅಸ್ಪೃಶ್ಯತೆಯ ಮೇಲೆ ಬಿತ್ತು. ಪುಸ್ತಕದ ಹೆಸರು 'ನಾವೆಲ್ಲ ಒಂದೇ'. ಸುತ್ತಲಿನ ಶಾಲೆಗಳಿಗೆಲ್ಲ ಹಂಚುವುದೆಂದು ತೀರ್ಮಾನವಾಗಿತ್ತು, ಮುಖಪುಟಕ್ಕೆ ಮಕ್ಕಳ ಫೋಟೊ ಬೇಕಿತ್ತು. ಊರೊಳಗಿನ ಮಕ್ಕಳನ್ನು ಆರಿಸಿಕೊಂಡು, ಕಾಲೋನಿಯಿಂದ ಒಂದು ಹುಡುಗಿ ಸಾಕು ಅಂದರಂತೆ. ಆ ಹುಡುಗಿ ಬಿಂದುಶ್ರೀ. ಅವಳ ತಾಯಿ ಪಾಪಕ್ಕ ಮೇಷ್ಟ್ರ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಾಳೆ, ತೋಟದ ಕೆಲಸಕ್ಕೂ ಹೋಗುತ್ತಾಳೆ.

ಬಿಂದುಶ್ರೀ ನಮ್ಮ ಗ್ರಂಥಾಲಯದಲ್ಲಿ ಓದದ ಪುಸ್ತಕವಿಲ್ಲ. ಉಳಿದದ್ದೆಲ್ಲ ಮುಗಿದು ಮೇಷ್ಟ್ರ ಪುಸ್ತಕಗಳನ್ನೂ ಓದಿ ಮುಗಿಸಿದ ಏಕೈಕ ಪ್ರಾಣಿ ಅವಳು. ಹಿಂದಿರುಗಿಸುವಾಗ, "ಅಕ್ಕಾ, ಈ ತಾತಂಗೆ ಬೇರೆ ಕೆಲ್ಸ ಇಲ್ವಾ?" ಎಂದು ಕೇಳಿದ್ದಳು. ಆದರೂ ಪುಸ್ತಕದ ಮೇಲೆ ತನ್ನ ಮುಖ ಬರುತ್ತದೆ ಎಂದಾಗ ಕುಣಿದಾಡಿಬಿಟ್ಟಳು. ಪಾಪಕ್ಕ ಕನಕಾಂಬರ ಮುಡಿಸಿ, ಹಬ್ಬದ ಚೂಡಿದಾರ ಹಾಕಿ ಕಳಿಸಿದಳು.

ಇಲ್ಲಿ ಲೋಟದ ವಿಷಯ ಹೇಳಬೇಕು. ಮೇಷ್ಟ್ರ ಮನೆಯ ಲೋಟಗಳ ಮೇಲೆಲ್ಲ ಅವರ ಹೆಂಡತಿ ಅಮ್ಮಯಮ್ಮನ ಹೆಸರು ಕೆತ್ತಿಸಿದೆ. ಒಂದು ಲೋಟಕ್ಕೆ ಮಾತ್ರ ಹೆಸರಿಲ್ಲ, ಅದರ ತಳಕ್ಕೆ ಕೆಂಪು ಪೇಂಟಿನ ಬೊಟ್ಟಿದೆ. ಅದು ಜಗಲಿಯ ಪಕ್ಕಕ್ಕಿರುವ ಕೊಟ್ಟಿಗೆಯ ಮೋಟುಗೋಡೆಯ ಮೇಲೆ ಬೋರಲಾಗಿರುತ್ತದೆ. ಪಾಪಕ್ಕ ಅದನ್ನು ತೊಳೆದು ಹಿಡಿದರೆ ಅಮ್ಮಯಮ್ಮ ಎತ್ತರದಿಂದ ಕಾಫಿ ಹುಯ್ಯುತ್ತಾರೆ. ಕುಡಿದಾದ ಮೇಲೆ ಪಾಪಕ್ಕನೇ ಮತ್ತೆ ತೊಳೆದು ಬೋರಲು ಹಾಕಬೇಕು. ಒಳಗಿನ ಲೋಟಗಳ ಜೊತೆ ಬೆರೆತುಹೋಗದಿರಲಿ ಎಂದು ಆ ಬೊಟ್ಟು. ಊರಿಗೆಲ್ಲ ಗೊತ್ತಿರುವ ಸಂಗತಿ, ಯಾರೂ ಆಡುವುದಿಲ್ಲ.

ಫೋಟೊ ದಿನ ಮೇಷ್ಟ್ರು ಎಂದೂ ಇಲ್ಲದಂತೆ ಮಕ್ಕಳನ್ನು ಜಗಲಿಯ ಮೇಲೆ ಸಾಲಾಗಿ ಕೂರಿಸಿ, ನಡುವೆ ಬಿಂದುಶ್ರೀಯನ್ನಿಟ್ಟರು. ಎಲ್ಲರೂ ಒಟ್ಟಿಗೆ ಹಾಲು ಕುಡಿಯುವ ದೃಶ್ಯವಾಗಲಿ ಎಂದರು. ಅಮ್ಮಯಮ್ಮ ಒಳಗಿನಿಂದ ಲೋಟ ತಂದು ಹಂಚಿದರು. ಬಿಂದುಶ್ರೀಯ ಸರದಿ ಬಂದಾಗ ಅವರ ಕೈ ತಾನಾಗಿ ಮೋಟುಗೋಡೆಯ ಕಡೆ ಹೋಯಿತು. ಬೇಕೆಂದು ಮಾಡಿದ್ದಲ್ಲ, ಅಷ್ಟು ರೂಢಿ. ಪಕ್ಕದಲ್ಲೇ ಹಲ್ಲು ಕಿರಿಯುತ್ತ ನಿಂತಿದ್ದ ಮೇಷ್ಟ್ರಿಗೂ ಅದು ಕಾಣಲಿಲ್ಲ. ಹುಡುಗಿಯ ಕಣ್ಣು ಕ್ಯಾಮೆರಾದ ಮೇಲಿತ್ತು. ದೊಡ್ಡಬಳ್ಳಾಪುರದಿಂದ ಬಂದಿದ್ದ ಫೋಟೊದವನು ಲೋಟ ಚೆನ್ನಾಗಿ ಎತ್ತಿ ಕುಡಿಯಲು ಹೇಳಿದ. ಅವಳು ಎತ್ತಿದಳು.

ಪುಸ್ತಕದ ಕಟ್ಟು ಗ್ರಂಥಾಲಯಕ್ಕೆ ಬಂದ ಸಂಜೆ ಬಿಂದುಶ್ರೀ ಶಾಲೆಯಿಂದ ನೇರ ಓಡಿ ಬಂದಳು. ಕಟ್ಟು ಬಿಚ್ಚಿದೆ. ನಡುವೆ ಅವಳು, ಲೋಟದ ಅಂಚಿನ ಮೇಲಿಂದ ನಗುವ ಕಣ್ಣು, ಲೋಟದ ತಳದಲ್ಲಿ ದುಂಡನೆಯ ಕೆಂಪು ಬೊಟ್ಟು. ಬೆಂಗಳೂರಿನಲ್ಲಿ ಮುಖಪುಟ ಮಾಡಿದವನಿಗೆ ಆ ಬೊಟ್ಟು ಬಲು ಚೆಂದ ಕಂಡಿತಂತೆ, ಪುಸ್ತಕದ ಹೆಸರನ್ನೂ ಅದೇ ಕೆಂಪಿನಲ್ಲಿ ಬರೆದಿದ್ದ.

ಹುಡುಗಿ ಬಹಳ ಹೊತ್ತು ನೋಡಿದಳು. ಆಮೇಲೆ ಪುಸ್ತಕ ಮಗುಚಿಟ್ಟು, "ಇದು ನಮ್ಮಮ್ಮನ್ ಲೋಟ ಅಕ್ಕಾ. ಎಲ್ಲಾ ಸ್ಕೂಲ್ಗೂ ಹೋಗುತ್ತಾ ಇದು?" ಎಂದಳು. ಹೋಗುತ್ತದೆ ಎನ್ನಬೇಕಾಯಿತು. ನನಗೆ ಮೈಯೆಲ್ಲ ಉರಿಯಿತು.

ಬಿಡುಗಡೆ ಊರಿನ ಶಾಲೆಯಲ್ಲೇ. ಹಾರ, ಭಾಷಣ ಎಲ್ಲ ಆದ ಮೇಲೆ ಮೇಷ್ಟ್ರು ಮುಖಪುಟದ ಹುಡುಗಿಯನ್ನು ವೇದಿಕೆಗೆ ಕರೆದು, ಕೊನೆಯ ಪುಟದ 'ಯೋಚಿಸಿ, ಉತ್ತರಿಸಿ' ಓದಿಸಿದರು. ನಿಮ್ಮ ಸುತ್ತಮುತ್ತ ಎಲ್ಲಾದರೂ ಅಸ್ಪೃಶ್ಯತೆ ಕಂಡಿದ್ದೀರಾ ಎಂಬುದೇ ಮೊದಲ ಪ್ರಶ್ನೆ. ಧೈರ್ಯವಾಗಿ ಉತ್ತರಿಸು ಎಂದು ಮೈಕು ಹಿಡಿದರು. ಅವರ ಪುಸ್ತಕದ ಮಕ್ಕಳಾಗಿದ್ದರೆ 'ಇಲ್ಲ ತಾತ' ಅನ್ನುತ್ತಿದ್ದವು.

"ಕಂಡಿದೀನಿ ಸಾರ್, ಈ ಪುಸ್ತಕದ ಮೇಲೇ ಇದೆ" ಅಂದಳು ಬಿಂದುಶ್ರೀ. "ಎಲ್ಲಾರ್ ಕೈಲೂ ಮನೆ ಒಳಗಿನ್ ಲೋಟ ಐತೆ. ನನ್ ಕೈಲಿರೋದು ಕೊಟ್ಟಿಗೆ ಗೋಡೆ ಮೇಲಿಂದು. ನನ್ ಫೋಟೊ ತೆಗ್ದುಬಿಡಿ ಸಾರ್."

ಮುಂದಿನ ಸಾಲಿನಲ್ಲಿ ಕೂತಿದ್ದ ದೊಡ್ಡವರೆಲ್ಲ ಪುಸ್ತಕ ತಿರುಗಿಸಿ ನೋಡಿದರು, ಆಮೇಲೆ ತಂತಮ್ಮ ಚಪ್ಪಲಿ ನೋಡಿಕೊಂಡರು. ಅಮ್ಮಯಮ್ಮ ಸೆರಗು ಬಾಯಿಗೆ ಹಿಡಿದರು. ಮೇಷ್ಟ್ರು ಮಾತ್ರ ಸಾವರಿಸಿಕೊಂಡರು. ಮಕ್ಕಳು ಹೀಗೆ ಪ್ರಶ್ನೆ ಮಾಡುವಂತಾದರೆ ಅದೇ ತಮ್ಮ ಬರವಣಿಗೆಯ ಗೆಲುವು ಎಂದರು. ಎರಡನೇ ಮುದ್ರಣದಲ್ಲಿ ಖಂಡಿತ ಸರಿಪಡಿಸುವುದಾಗಿ ಮಾತು ಕೊಟ್ಟರು. ಜನ ಚಪ್ಪಾಳೆ ತಟ್ಟಿದರು. ನಮ್ಮೂರಿನ ಜನಕ್ಕೆ ಚಪ್ಪಾಳೆ ತಟ್ಟಲು ಇಂಥದ್ದೇ ಆಗಬೇಕೆಂದಿಲ್ಲ.

ಪಾಪಕ್ಕ ಕೂಲಿ ಹೋದೀತೆಂದು ಹೆದರಿ ಮಗಳಿಗೆ ಬೈದಳು. ಆದರೆ ಬೈದು ಮುಗಿಸಿ, ಇನ್ನು ಆ ಲೋಟ ಎತ್ತಿ ಬಿಸಾಡುತ್ತಾರೇನೋ ಎಂದಳಂತೆ. ಮಗಳೂ ಅದನ್ನೇ ನಂಬಿದಳು. ದಿನಾ ಬಂದು ಎರಡನೇ ಮುದ್ರಣ ಬಂತಾ ಎಂದು ಕೇಳುತ್ತಿದ್ದಳು.

ಬಂತು. ಮೇಷ್ಟ್ರೇ ಕಟ್ಟು ಹೊತ್ತು ತಂದು ನನ್ನ ಮೇಜಿನ ಮೇಲಿಟ್ಟರು. "ನೋಡಮ್ಮಾ ರಮ್ಯಶ್ರೀ, ತಪ್ಪು ತಿದ್ಕೊಂಡಿದೀನಿ. ಓದುಗರ ಮಾತಿಗೆ ಬೆಲೆ ಕೊಡ್ಬೇಕು" ಎಂದರು. ನೋಡಿದೆ. ಬಿಂದುಶ್ರೀಯ ಮುಖ ಹಾಗೇ ಇದೆ. ಲೋಟವೂ ಅದೇ. ತಳದ ಬೊಟ್ಟನ್ನು ಮಾತ್ರ ಕಂಪ್ಯೂಟರಿನಲ್ಲಿ ಅಳಿಸಿದ್ದಾರೆ. ಸ್ಟೀಲು ಫಳಫಳ ಹೊಳೆಯುತ್ತಿದೆ. ನಿಜವಾದ ಲೋಟ ಏನಾಯಿತು ಎಂದು ಆಮೇಲೆ ಪಾಪಕ್ಕನನ್ನು ಕೇಳಿದೆ. ಗೋಡೆಯ ಮೇಲೇ ಇದೆಯಂತೆ. ಬಣ್ಣ ಮಾಸಿತ್ತೆಂದು ಅಮ್ಮಯಮ್ಮ ಮತ್ತೊಮ್ಮೆ ಹಚ್ಚಿದ್ದಾರಂತೆ. ಇಷ್ಟು ವರ್ಷ ಈ ಮನುಷ್ಯನನ್ನು ಪೆದ್ದ ಎಂದುಕೊಂಡಿದ್ದೆ. ಪೆದ್ದನಲ್ಲ, ಎಲ್ಲ ಬಲ್ಲವನು. ಹಾಗಾಗಿ ಈಗ ನನಗೆ ಅವರನ್ನು ಕಂಡರೆ ನಗುವೂ ಬರುವುದಿಲ್ಲ, ಅಸಹ್ಯ ಬರುತ್ತದೆ.

ಬಿಂದುಶ್ರೀ ಸಂಜೆ ಬಂದಳು. ಹೊಸ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು, ಬೊಟ್ಟಿದ್ದ ಜಾಗವನ್ನು ಉಗುರಿನಿಂದ ಕೆರೆದು ನೋಡಿದಳು. ಬ್ಯಾಗಿನಿಂದ ಕೆಂಪು ಸ್ಕೆಚ್ ಪೆನ್ನು ತೆಗೆದು, ಲೋಟದ ತಳಕ್ಕೆ ನಿಧಾನವಾಗಿ, ದುಂಡಗೆ, ಮೊದಲಿದ್ದಷ್ಟೇ ದೊಡ್ಡ ಬೊಟ್ಟಿಟ್ಟಳು. ಆಮೇಲೆ ನನ್ನ ಕಡೆ ನೋಡಿದಳು. ಪುಸ್ತಕದ ಮೇಲೆ ಗೀಚಿದವರಿಗೆ ದಂಡ ಎಂಬ ಬೋರ್ಡು ನನ್ನ ತಲೆಯ ಮೇಲೇ ಇದೆ.

ಎದ್ದು ಹೋಗಿ ಉಳಿದ ಪ್ರತಿಗಳನ್ನೆಲ್ಲ ತಂದು ಅವಳ ಮುಂದಿಟ್ಟೆ.