ಎರಡನ್ನು ಒಂದಾಗಿಸುವ ಪೆನ್ನಕ್ಕ

ಬೆಳಗಿನ ಆರೂವರೆ. ಕಣ್ಣಾಸ್ಪತ್ರೆಯ ಕಾರಿಡಾರಿನಲ್ಲಿ ನೆಲ ಒರೆಸಿದ ತೇವ ಇನ್ನೂ ಆರಿಲ್ಲ. ಹನ್ನೊಂದನೇ ನಂಬರಿನ ಕೋಣೆಯಲ್ಲಿ ಪೆನ್ನಕ್ಕ ಬಸ್ ಡ್ರೈವರೊಬ್ಬರ ಗದ್ದ ಹಿಡಿದು ಕೂತಿದ್ದಾರೆ.

"ತಲೆ ಆಡಿಸ್ಬೇಡಿ ಅಣ್ಣಾ, ಕಣ್ಣಾಡಿಸಿ. ಪೆನ್ನಿನ ಹಿಂದೆನೇ ಹೋಗಿ."

"ಹಿಂದೆ ಹೋಗಿ ಅಭ್ಯಾಸ ಇಲ್ಲಕ್ಕ, ನಂದೇನಿದ್ರೂ ಓವರ್‌ಟೇಕು."

ಪೆನ್ನು ಎಡಕ್ಕೆ ಸರಿಯುತ್ತದೆ. ಬಲಗಣ್ಣು ವಿಧೇಯವಾಗಿ ಹೊರಡುತ್ತದೆ. ಎಡಗಣ್ಣು ಅರ್ಧದಾರಿಯಲ್ಲೇ ಮುಷ್ಕರ ಹೂಡುತ್ತದೆ.

ನರನ ಬದುಕು ನರದ ಮೇಲೆ ನಿಂತಿದೆ ಎಂಬುದು ಈ ಕೋಣೆಯಲ್ಲಿ ಬರೀ ಶ್ಲೇಷೆಯಲ್ಲ. ಮಿದುಳಿನಿಂದ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಮೂರು ಕಣ್ಣುಗುಡ್ಡೆಯನ್ನು ಆಡಿಸುತ್ತವೆ. ಮೂರನೆಯದು ಕೆಟ್ಟರೆ ರೆಪ್ಪೆ ಜೋಲುತ್ತದೆ. ನಾಲ್ಕನೆಯದು ಕೆಟ್ಟರೆ ಇಳಿಯುವ ಮೆಟ್ಟಿಲು ಎರಡೆರಡಾಗುತ್ತದೆ. ಆರನೆಯದು ಕೆಟ್ಟರೆ ಕಣ್ಣು ಹೊರಕ್ಕೆ ಹೊರಳುವುದಿಲ್ಲ, ಒಂದು ವಸ್ತು ಪಕ್ಕಪಕ್ಕದಲ್ಲಿ ಎರಡಾಗಿ ಕಾಣುತ್ತದೆ. ಐದನೆಯದು? "ಅದು ಕೆನ್ನೆ ಮುಟ್ಟಿದ್ರೆ ಗೊತ್ತಾಗೋ ನರ. ನಮ್ಮ ಇಲಾಖೆ ಅಲ್ಲ" ಎಂದು ಪೆನ್ನಕ್ಕ ನಗುತ್ತಾರೆ.

ಟೋಕನ್ ಕೊಡುವ ಕೆಲಸಕ್ಕೆ ಸೇರಿದವರು, ಸಂಜೆ ತರಗತಿಯಲ್ಲಿ ಕಣ್ಣು ಪರೀಕ್ಷೆಯ ಕೋರ್ಸ್ ಓದಿ ಈ ಸ್ಟೂಲಿಗೆ ಬಂದು ಹತ್ತೊಂಬತ್ತು ವರ್ಷ. ದಿನಕ್ಕೆ ನಲವತ್ತು ಜನ, ಒಬ್ಬೊಬ್ಬರಿಗೂ ಒಂಬತ್ತು ದಿಕ್ಕಿಗೆ ಪೆನ್ನು ಆಡಿಸಬೇಕು. ಬಲಭುಜ ಈಗ ಬಾಚಣಿಗೆ ಎತ್ತಲೂ ತಕರಾರು ಮಾಡುತ್ತದೆ. ಜಡೆ ಹಾಕಿಕೊಡುವ ಮಗಳದ್ದು ಬೇರೆ ದೂರು: "ಅಮ್ಮನ ಹತ್ರ ಕಣ್ಣು ತಪ್ಪಿಸೋಕೂ ಆಗಲ್ಲ, ಯಾವ ನರ ಅಂತ ಕೇಳ್ತಾಳೆ!"

ಸಕ್ಕರೆ ಕಾಯಿಲೆ ಡ್ರೈವರಣ್ಣನ ಆರನೇ ನರವನ್ನು ಮಲಗಿಸಿ ಎರಡು ತಿಂಗಳಾಗಿದೆ. ಸೋಮವಾರದೊಳಗೆ 'ಒಂದೇ ಕಾಣುತ್ತದೆ' ಎಂಬ ಕಾಗದ ಒಯ್ಯದಿದ್ದರೆ ಅವರನ್ನು ಸ್ಟಿಯರಿಂಗಿನಿಂದ ಇಳಿಸಿ ಡಿಪೋ ಗೇಟಿಗೆ ಹಾಕುತ್ತಾರೆ.

ಪೆನ್ನಕ್ಕ ಅವರ ಬಲಗಣ್ಣಿಗೆ ಕೆಂಪು ಗಾಜು ಹಿಡಿದು, ಎದುರಿಗೆ ಟಾರ್ಚ್ ಹಚ್ಚುತ್ತಾರೆ.

"ಎಷ್ಟು ದೀಪ?"

"ಒಂದೇ!" ಪರೀಕ್ಷೆಗೆ ಉರು ಹೊಡೆದು ಬಂದವರ ದನಿ.

"ಯಾವ ಬಣ್ಣ?"

"ಅಚ್ಚ ಬಿಳಿ."

"ಹಾಗಾದ್ರೆ ಕೆಂಪು ಎಲ್ಲಿ ಹೋಯ್ತು?"

"ಅದು ಪಕ್ಕದಲ್ಲಿದೆ, ಅದನ್ನ ಲೆಕ್ಕಕ್ಕೆ ತಗೊಂಡಿಲ್ಲ."

ಇಬ್ಬರೂ ಬಿದ್ದು ಬಿದ್ದು ನಗುತ್ತಾರೆ. "ಕೆಂಪು ದೀಪಾನ ಲೆಕ್ಕಕ್ಕೇ ತಗೊಳ್ಳದ ಡ್ರೈವರ್ ಕೈಗೆ ಬಸ್ ಕೊಡ್ಲಾ?"

ನಗು ಅಲ್ಲಿಗೇ ನಿಲ್ಲುತ್ತದೆ. "ಬಸ್ ಬಿಟ್ರೆ ನಂಗೆ ಬೇರೇನೂ ಬರಲ್ಲಕ್ಕ. ಒಂದು ಅಂತ ಬರೀರಿ, ಯಾರಿಗೆ ಗೊತ್ತಾಗುತ್ತೆ?"

ಪೆನ್ನಕ್ಕ 'ಎರಡು' ಎಂದೇ ಬರೆಯುತ್ತಾರೆ. ಬರೆದು, ಹಳೆಯ ಚೀಟಿಗಳನ್ನು ಅವರ ಮುಂದೆ ಹರಡುತ್ತಾರೆ. "ಮೊದಲ ದಿನ ಆ ಎರಡು ದೀಪದ ಮಧ್ಯೆ ಒಂದು ಮೊಳ ಇತ್ತು. ಇವತ್ತು ನಾಲ್ಕು ಬೆರಳು. ನರ ಏಳ್ತಾ ಇದೆ ಅಣ್ಣಾ. ಇನ್ನೊಂದೆರಡು ತಿಂಗಳು ಗೇಟ್ ಕಾಯಿರಿ."

ಡ್ರೈವರಣ್ಣ ಚೀಟಿ ಮಡಚಿ ಜೇಬಿಗಿಟ್ಟು ಹೊರಡುತ್ತಾರೆ. ಬಾಗಿಲು ಸ್ವಲ್ಪ ಜೋರಾಗಿಯೇ ಬಡಿಯುತ್ತದೆ.

"ಬೈಕೊಳ್ಳಲಿ ಬಿಡಿ" ಎಂದು ಒಳಬಂದ ಮುಂದಿನ ಟೋಕನ್ನಿನವರಿಗೆ ಹೇಳುತ್ತಾ ಪೆನ್ನಕ್ಕ ಭುಜ ಒತ್ತಿಕೊಳ್ಳುತ್ತಾರೆ. "ನಾನು 'ಒಂದು' ಅಂತ ಬರೆದ ಡ್ರೈವರ್ ಬಸ್ಸಿಗೆ ನನ್ನ ಮಗಳನ್ನ ಕಣ್ಣುಮುಚ್ಚಿ ಹತ್ತಿಸ್ತೀನಿ."