ನೋರಜ್ಜಿಯ ಬೋಗುಣಿ

ನಿನ್ನೆ ತರೀಕೆರೆಯ ರೇಖಾ ಮನೆಗೆ ಬಂದಿದ್ದಳು. ನನ್ನ ಹೆಂಡತಿ ಶೈಲಾ ಕಡೂರಿನಲ್ಲಿ ನರ್ಸಿಂಗ್ ಪಾಠ ಹೇಳುತ್ತಾಳೆ. ರೇಖಾ ಅವಳ ಹಳೆಯ ವಿದ್ಯಾರ್ಥಿನಿ. ಈಗ ಐರ್ಲೆಂಡಿನ ಒಂದು ವೃದ್ಧಾಶ್ರಮದಲ್ಲಿ ನರ್ಸು. ರಜಕ್ಕೆ ಬಂದವಳು ಟವೆಲಿನಲ್ಲಿ ಸುತ್ತಿದ ಗಂಟೊಂದನ್ನು ನಮ್ಮ ಅಜ್ಜಂಪುರದ ಮನೆಯ ಊಟದ ಮೇಜಿನ ಮೇಲಿಟ್ಟಳು. ಬಿಚ್ಚಿದರೆ ನೀಲಿ ಅಂಚಿನ ಬಿಳಿ ಎನಾಮಲ್ ಬೋಗುಣಿ. ಅಂಚಿನಲ್ಲಿ ಒಂದು ಕಡೆ ಚಕ್ಕೆ ಎದ್ದಿದೆ. ಒಳಗೆ ಎರಡು ಸಕ್ಕರೆ ಪೊಟ್ಟಣ, ದೊಡ್ಡ ಹೋಟೆಲುಗಳಲ್ಲಿ ಕಾಫಿಯ ಜೊತೆ ತಂದಿಡುತ್ತಾರಲ್ಲ, ಆ ಬೆರಳುದ್ದದ ಕಾಗದದವು.

“ಅಲ್ಲ ಕಣೇ, ಸಕ್ಕರೆ ತರೋಕೆ ಅಷ್ಟು ದೂರ ಹೋಗಿದ್ಯಾ? ನಮ್ಮೂರಲ್ಲಿ ಸಿಗಲ್ವಾ?” ಎಂದಳು ನಮ್ಮವ್ವ. ಎಲ್ಲರೂ ನಕ್ಕರು. ನನ್ನ ಮಗಳು ಮೇಘನಾ ಮಾತ್ರ ನಗಲಿಲ್ಲ. ಬೋಗುಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದಳು.

ಅವಳೇಕೆ ನಗಲಿಲ್ಲ ಎಂದು ಹೇಳಬೇಕಾದರೆ ಏಳು ವರ್ಷ ಹಿಂದಕ್ಕೆ ಹೋಗಬೇಕು. ನಿಮಗೆ ಅವಸರವಿದ್ದರೆ ಹೊರಡಿ, ಬೇಜಾರಿಲ್ಲ. ನನಗಂತೂ ಈ ಹೊತ್ತಿನಲ್ಲಿ ಅಂಗಡಿಯಲ್ಲಿ ಗಿರಾಕಿಯಿಲ್ಲ.

ನನ್ನದು ಕೊಬ್ಬರಿ ವ್ಯಾಪಾರ. ಅಪ್ಪನ ಕಾಲದಿಂದಲೂ ಅದೇ. ಶೈಲಾಗೆ ಐರ್ಲೆಂಡಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಾಗ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಮಕ್ಕಳನ್ನು ಕಟ್ಟಿಕೊಂಡು ನಾನೂ ಹೊರಟೆ. ಸಂಜೆ ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂರುವ ನಮ್ಮ ಗುಂಪಿನಲ್ಲಿ ಒಬ್ಬ ಕೇಳಿದ, “ಅಲ್ಲಿ ನೀನೇನ್ ಮಾಡ್ತೀಯೋ?” “ಮಕ್ಕಳ್ನ ನೋಡ್ಕೋತೀನಿ” ಎಂದೆ. ಕೂಡಲೇ ಎಲ್ಲರೂ ಒಟ್ಟಿಗೆ ಕೊಬ್ಬರಿ ರೇಟಿನ ಬಗ್ಗೆ ಮಾತಾಡತೊಡಗಿದರು. ಅಷ್ಟು ಮರ್ಯಾದೆಯನ್ನು ಅವರು ನನಗೆ ಹಿಂದೆಂದೂ ಕೊಟ್ಟಿರಲಿಲ್ಲ.

ಹೋದ ಮೇಲೆ ಗೊತ್ತಾಯಿತು, ನಾನು ಕೊಬ್ಬರಿ ಮಾರಿ ಬಲ್ಲೆನೇ ಹೊರತು ತುರಿದು ಬಲ್ಲವನಲ್ಲ ಎಂದು. ಸಾರಿಗೆ ಒಗ್ಗರಣೆ ಹಾಕಿದರೆ ಚಾವಣಿಯಲ್ಲಿದ್ದ ಹೊಗೆಯ ಅಲಾರಂ ಊರಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ನಾನು ಕುರ್ಚಿ ಹತ್ತಿ ಟವೆಲ್ ಬೀಸುತ್ತಿದ್ದೆ. ಮೂರು ವರ್ಷದ ಮಗ ಸಂಜು ಚಪ್ಪಾಳೆ ತಟ್ಟುತ್ತಿದ್ದ. ಮೇಘನಾಗೆ ಜಡೆ ಹಾಕುವುದು ಇನ್ನೊಂದು ಕಥೆ. ಬೈತಲೆ ಹಣೆಯಿಂದ ಹೊರಟು ಯಾವುದೋ ಕಿವಿಯ ಹತ್ತಿರ ಮುಗಿಯುತ್ತಿತ್ತು. “ಅಪ್ಪಾ, ಇದು ನಮ್ಮೂರು ರಸ್ತೆ ಇದ್ದಂಗೈತೆ” ಎನ್ನುತ್ತಿದ್ದಳು ಕನ್ನಡಿ ನೋಡಿ.

ಮನೆಯೊಳಗೆ ಇಷ್ಟು ಬಾಯಿಯಿದ್ದ ಹುಡುಗಿ ಹೊಸಲು ದಾಟಿದರೆ ಮೂಕಿ. ಆಗ ಅವಳಿಗೆ ಆರು ವರ್ಷ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಶಾಲೆಯಲ್ಲಿ ಒಂದಕ್ಷರ ಆಡುತ್ತಿರಲಿಲ್ಲ. ಕ್ರಿಸ್‌ಮಸ್ ರಜಕ್ಕೆ ಮುಂಚೆ ಟೀಚರು ನನ್ನನ್ನು ಕರೆಸಿ, ಶಾಲೆಗೆ ಸೇರಿದಾಗಿನಿಂದ ಮೇಘನಾಳ ದನಿಯನ್ನು ತಾವಿನ್ನೂ ಕೇಳಿಲ್ಲ ಎಂದರು. ಒಳ್ಳೆಯ ಹೆಂಗಸು. ಬೈದಿದ್ದರೆ ನಾನೂ ಏನಾದರೂ ಹೇಳಬಹುದಿತ್ತು. ಅವರು ನನ್ನ ಭುಜ ತಟ್ಟಿದರು, ಅದರಿಂದ ಇನ್ನಷ್ಟು ಗಾಬರಿಯಾಯಿತು.

ಬೆಳಗ್ಗೆ ಡ್ಯೂಟಿ ಮುಗಿಸಿ ಬಂದ ಶೈಲಾಗೆ ಹೇಳಿದೆ. ಅವಳು ಕೋಟು ಸಹ ಬಿಚ್ಚದೆ ಕೂತುಬಿಟ್ಟಳು.

“ಶಿವರಾತ್ರಿವರೆಗೂ ನೋಡಾಣ. ಆಗ್ಲೂ ಹಿಂಗೇ ಇದ್ರೆ ಮಕ್ಕಳಿಬ್ರನ್ನೂ ಕರ್ಕೊಂಡು ನಾನು ಊರಿಗೆ ಹೋಗ್ಬಿಡ್ತೀನಿ” ಎಂದೆ.

“ಮತ್ತೆ ನಾನು?”

ಅವಳು ಆಸ್ಪತ್ರೆಯವರಿಗೆ ಮಾತು ಕೊಟ್ಟು ಬಂದವಳು. ನಡುವೆ ಬಿಟ್ಟು ಬರುವ ಹಾಗಿರಲಿಲ್ಲ. “ಸಂಜು ನನ್ನ ಮರ್ತೇಬಿಡ್ತಾನೆ ಕಣ್ರೀ” ಎಂದಳು. ಆಮೇಲೆ ಎದ್ದು ಹೋಗಿ ಮೇಘನಾಳ ಜಡೆಯನ್ನು ಬಿಚ್ಚಿ ನೆಟ್ಟಗೆ ಹಾಕಿದಳು. ಸಂಸಾರ ಎರಡು ಹೋಳಾಗುವ ಮಾತನ್ನು ನಾನೇ ಆಡಿದ್ದೆ. ಆಡಿದ ಮೇಲೆ ಬೇರೆ ದಾರಿಯೂ ಹೊಳೆಯಲಿಲ್ಲ.

ಪಕ್ಕದ ಮನೆಯಲ್ಲಿ ನೋರಾ ಎಂಬ ಮುದುಕಿ ಒಬ್ಬರೇ ಇದ್ದರು. ಮಕ್ಕಳ ಬಾಯಲ್ಲಿ ನೋರಜ್ಜಿ. ಹೊಸ ವರ್ಷಕ್ಕೆ ಸೇಬಿನ ಹೂರಣ ತುಂಬಿದ ಕಡುಬಿನಂಥದ್ದೇನನ್ನೋ ಈ ಬೋಗುಣಿಯಲ್ಲಿ ತಂದುಕೊಟ್ಟರು. ತಿಂದೆವು, ತೊಳೆದೆವು. ವಾಪಸು ಕೊಡಲು ಹೊರಟರೆ ಮೇಘನಾ ಬಾಗಿಲಿಗೆ ಅಡ್ಡ ನಿಂತಳು. “ಖಾಲಿ ಕೊಡ್ಬಾರ್ದು ಅಪ್ಪಾ. ಅಜ್ಜಿ ಬಯ್ಯುತ್ತೆ.”

ನಮ್ಮವ್ವನ ಕಾಯಿದೆ ಅದು. ಅಕ್ಕಪಕ್ಕದವರ ಪಾತ್ರೆ ನಮ್ಮ ಮನೆಯಿಂದ ಬರಿದಾಗಿ ಹೋಗಬಾರದು. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಬೇಕು. ನಾನು ಚಿಟಿಕೆ ಸಕ್ಕರೆಗೆ ಒಪ್ಪುವವನೇ? ಅಜ್ಜಂಪುರದ ಕೊಬ್ಬರಿ ವ್ಯಾಪಾರಿ! ಕೊಬ್ಬರಿ ಮಿಠಾಯಿ ಮಾಡಿದೆ. ಪಾಕ ಏರಿ ಕಲ್ಲಾಯಿತು. ಇರಲಿ ಎಂದು ತುಂಬಿ, ಮೇಘನಾಳ ಕೈಯಲ್ಲೇ ಕಳಿಸಿದೆ. ಅವಳು ನೋರಜ್ಜಿಯ ಬಾಗಿಲಲ್ಲಿ ಬೋಗುಣಿ ಚಾಚಿ, ಅವರು ತೆಗೆದುಕೊಂಡದ್ದೇ ತಡ, ತುಟಿ ಬಿಚ್ಚದೆ ಓಡಿಬಂದಳು.

ವಾರದೊಳಗೆ ಬೋಗುಣಿ ಹಿಂದಕ್ಕೆ ಬಂತು, ಒಣದ್ರಾಕ್ಷಿಯ ಬ್ರೆಡ್ಡಿನ ಸಮೇತ. ನಾನು ಚಿತ್ರಾನ್ನ ತುಂಬಿದೆ. ಅವರು ಬಿಸ್ಕತ್ತು ತುಂಬಿದರು. ನಾನು ಒಗ್ಗರಣೆ ಮಂಡಕ್ಕಿ, ಅವರು ಮತ್ತೆ ಸೇಬು, ನಾನು ಮತ್ತೆ ಆ ಮಿಠಾಯಿ. ಇಬ್ಬರೂ ಮರ್ಯಾದಸ್ತರು, ಯಾರೂ ಸೋಲುವ ಹಾಗಿಲ್ಲ. ಭಾನುವಾರ ಬಂದರೆ ನನಗೆ ಒಂದೇ ಯೋಚನೆ, ಬೋಗುಣಿಗೆ ಏನು ತುಂಬಲಿ ಎಂದು. ಅತ್ತ ಶಿವರಾತ್ರಿ ಹತ್ತಿರ ಬರುತ್ತಿತ್ತು. ಮೇಘನಾ ಬೋಗುಣಿ ಹೊತ್ತು ಹೋಗುತ್ತಿದ್ದಳು, ಬರುತ್ತಿದ್ದಳು. ಮಾತು ಮಾತ್ರ ಇಲ್ಲ. ನಾನು ಟಿಕೆಟ್ ರೇಟು ನೋಡಲು ಶುರುಮಾಡಿದ್ದೆ.

ಒಂದು ಶನಿವಾರ ಕರೆಗಂಟೆ ಸದ್ದು ಮಾಡಿತು. ಮೇಘನಾ ಬಾಗಿಲು ತೆಗೆದಳು. ನೋರಜ್ಜಿ ಬೋಗುಣಿಯನ್ನು ಅವಳ ಕೈಗಿಟ್ಟು, ತಲೆ ಸವರಿ, ತಮ್ಮ ಮನೆಯ ಕಡೆ ತಿರುಗಿದರು. ಮೇಘನಾ ಮುಚ್ಚಿದ ಬಟ್ಟೆ ಸರಿಸಿ ನೋಡಿದಳು. ಬೋಗುಣಿ ತೊಳೆದು ಒರೆಸಿ ಫಳಫಳ ಹೊಳೆಯುತ್ತಿತ್ತು. ಖಾಲಿ.

ನಾನು ಸೌಟು ಹಿಡಿದು ಹೊರಗೆ ಬರುವಷ್ಟರಲ್ಲಿ ಹುಡುಗಿ ಬರೀ ಕಾಲುಚೀಲದಲ್ಲಿ ಒದ್ದೆ ದಾರಿಯ ಮೇಲೆ ಓಡಿಯಾಗಿತ್ತು. ನೋರಜ್ಜಿಯ ಮುಂದೆ ಹೋಗಿ ನಿಂತು, ಬೋಗುಣಿಯನ್ನು ಅವರ ಹೊಟ್ಟೆಗೆ ಒತ್ತಿ, ಬೀದಿಗೆಲ್ಲ ಕೇಳುವಂತೆ ಕೂಗಿದಳು:

“ನೋ ಎಂಪ್ಟಿ! ಖಾಲಿ ಕೊಡ್ಬಾರ್ದು! ಎಂಪ್ಟಿ ವೆರಿ ಬ್ಯಾಡ್! ನಮ್ಮಜ್ಜಿ ಬಯ್ಯುತ್ತೆ!”

ನನಗೆ ನಾಚಿಕೆಯಾಯಿತೋ ಖುಷಿಯಾಯಿತೋ ಹೇಳಲಾರೆ. ಸೌಟಿನಿಂದ ಸಾರು ಚಪ್ಪಲಿಯ ಮೇಲೆ ತೊಟ್ಟಿಕ್ಕುತ್ತಿತ್ತು. ನೋರಜ್ಜಿ ತಮ್ಮ ಮನೆಯ ಮೆಟ್ಟಿಲ ಮೇಲೆ ಕೂತರು. “ಏನಂತಾಳೆ?” ಎಂದು ನನ್ನನ್ನು ಕೇಳಿದರು. ನನ್ನ ಹರುಕು ಇಂಗ್ಲಿಷಿನಲ್ಲಿ ಅವ್ವನ ಕಾಯಿದೆಯನ್ನು ವಿವರಿಸಿದೆ. ಕೇಳಿಸಿಕೊಂಡು ಅವರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ವಾರ ವಾರವೂ ಒಲೆಯ ಮುಂದೆ ನಿಂತು ಮಂಡಿ ಸೋತಿದೆಯಂತೆ. ನನ್ನ ಮಿಠಾಯಿ ಕಚ್ಚಿ ಕಟ್ಟಿಸಿದ ಹಲ್ಲು ಅಲುಗಾಡುತ್ತಿದೆಯಂತೆ. ಖಾಲಿ ಬೋಗುಣಿಯನ್ನು ನಮಗೇ ಕೊಟ್ಟುಬಿಟ್ಟರೆ ಈ ಓಡಾಟ ನಿಲ್ಲುತ್ತದೆ ಎಂದುಕೊಂಡಿದ್ದರಂತೆ.

ಮೇಘನಾ ಅದನ್ನೆಲ್ಲ ಎಷ್ಟು ಅರ್ಥ ಮಾಡಿಕೊಂಡಳೋ. ಸೊಂಟದ ಮೇಲೆ ಕೈಯಿಟ್ಟು, ಥೇಟ್ ನಮ್ಮವ್ವನ ಹಾಗೆ, “ಶುಗರ್ ಪುಟ್. ಲಿಟಲ್ ಶುಗರ್. ಓಕೆ” ಎಂದಳು. ನೋರಜ್ಜಿ ಒಳಗೆ ಹೋಗಿ ಎರಡು ಸಕ್ಕರೆ ತುಂಡು ತಂದು ಬೋಗುಣಿಗೆ ಹಾಕಿದರು. ಮೇಘನಾ ಒಂದನ್ನು ತಾನು ತಿಂದು ಇನ್ನೊಂದನ್ನು ಸಂಜುವಿಗೆ ಕೊಟ್ಟಳು.

ಸೋಮವಾರವೇ ಶಾಲೆಯಲ್ಲಿ ಪಟಪಟ ಮಾತಾಡಿಬಿಟ್ಟಳು ಎಂದು ಹೇಳಿದರೆ ಸುಳ್ಳಾಗುತ್ತದೆ. ಮೊದಲು ನೋರಜ್ಜಿಯ ಅಡುಗೆಮನೆಯಲ್ಲಿ ಮಾತ್ರ ಬಾಯಿ ಬಿಟ್ಟಳು. ಆಮೇಲೆ ಅವರ ಬೆಕ್ಕಿನ ಜೊತೆ, ಆಮೇಲೆ ಅವರ ಮನೆಗೆ ಬರುತ್ತಿದ್ದ ಪೋಸ್ಟಿನವನ ಜೊತೆ. ಶಾಲೆಗೆ ಮಾತು ತಲುಪಿದ್ದು ಎಲ್ಲಕ್ಕಿಂತ ಕೊನೆಗೆ. ಆದರೆ ಶಿವರಾತ್ರಿ ಬಂತು, ಹೋಯಿತು. ನಾನೂ ಶೈಲಾನೂ ಟಿಕೆಟ್ಟಿನ ಮಾತೇ ಎತ್ತಲಿಲ್ಲ. ಮೂರು ವರ್ಷ ಅಲ್ಲಿದ್ದು ನಾಲ್ವರೂ ಒಟ್ಟಿಗೆ ಊರಿಗೆ ಬಂದೆವು. ಹೊರಡುವ ದಿನ ಮೇಘನಾ ಚಿಟಿಕೆ ಸಕ್ಕರೆ ಹಾಕಿ ಬೋಗುಣಿಯನ್ನು ಒಪ್ಪಿಸಿದಳು. “ಹಾಗಾದರೆ ಸರದಿ ನನ್ನದಾಯಿತು” ಎಂದಿದ್ದರು ನೋರಜ್ಜಿ.

ಅವರೀಗ ರೇಖಾ ಕೆಲಸ ಮಾಡುವ ವೃದ್ಧಾಶ್ರಮದಲ್ಲಿದ್ದಾರೆ. ನೆನಪು ಕೈಕೊಟ್ಟಿದೆ. ರೇಖಾಳ ಹೆಸರನ್ನು ದಿನಾ ಬೆಳಗ್ಗೆ ಹೊಸದಾಗಿ ಕೇಳುತ್ತಾರಂತೆ. ಬೋಗುಣಿ ಅವರ ಮಂಚದ ಪಕ್ಕದಲ್ಲೇ ಇತ್ತಂತೆ, ಬಾಚಣಿಗೆ, ಕನ್ನಡಕ ಹಾಕಿಡಲು.

“ರಜಕ್ಕೆ ಹೋಗ್ತಿದೀನಿ, ನಿಮ್ ಪಕ್ಕದ್ಮನೇಲಿದ್ದ ಮೇಘನಾ ಊರು ಅಜ್ಜಂಪುರ ನಮ್ಮೂರ್ ಪಕ್ಕಾನೇ ಅಂದೆ ಸಾರ್” ಎಂದಳು ರೇಖಾ. “ಬಾಚಣಿಗೆ ಗೀಚಣಿಗೆ ಎಲ್ಲಾ ಹಾಸಿಗೆ ಮೇಲೆ ಸುರಿದ್ಬಿಟ್ರು. ಟೀ ತಟ್ಟೇಲಿದ್ದ ಈ ಸಕ್ಕರೆ ತೆಗ್ದು ಹಾಕಿದ್ರು. ಸಕ್ಕರೆ ಯಾಕಜ್ಜಿ ಅಂದ್ರೆ, ಖಾಲಿ ಕೊಟ್ರೆ ಆ ಹುಡುಗಿ ಓಡ್ಬಂದು ಬಯ್ತಾಳೆ ಅಂತಾರೆ!”

ಅವ್ವನ ನಗು ನಿಂತಿತ್ತು. ಮೇಘನಾ ಪೊಟ್ಟಣಗಳನ್ನು ಜೋಪಾನವಾಗಿ ಎತ್ತಿಡಲು ಹೊರಟಳು. “ಸಕ್ಕರೆ ಎತ್ತಿಡೋಕಲ್ಲ ಕಣೇ, ತಿನ್ನೋಕೆ. ತಾ ಇಲ್ಲಿ” ಎಂದು ಅವ್ವ ಪೊಟ್ಟಣ ಹರಿದು, ದೇವರ ಪ್ರಸಾದ ಹಂಚುವ ಹಾಗೆ ಎಲ್ಲರ ಅಂಗೈಗೂ ಚೂರು ಚೂರು ಹಾಕಿದಳು. ನಾನೂ ಬಾಯಿಗೆ ಹಾಕಿಕೊಂಡೆ.

“ನೀನ್ ಯಾವಾಗ ಹೊರಡ್ತೀಯವ್ವ?” ಅವ್ವ ರೇಖಾಳನ್ನು ಕೇಳಿದಳು.

“ಮುಂದಿನ ವಾರ ಅಜ್ಜಿ.”

“ಆಯಮ್ಮಂಗೆ ಹಲ್ಲು ಗಟ್ಟಿ ಇದಾವಾ?”

“ಕಟ್ಟಿಸಿರೋ ಹಲ್ಲು ಅಜ್ಜಿ. ಅಪ್ಪ ಮಾಡಿದ್ ಮಿಠಾಯಿಗೆ ಅವೂ ಅಲುಗಾಡಿದ್ವು” ಎಂದಳು ಮೇಘನಾ.

ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಲೇ, ಎರಡು ಒಳ್ಳೆ ಕೊಬ್ಬರಿ ಗಿಟುಕು ಆರಿಸ್ಕೊಂಡ್ ಬಾ ಹೋಗು. ಒಲೆ ಹತ್ರ ಮಾತ್ರ ಬಂದೀಯ” ಎಂದು ತುರಿಯುವ ಮಣೆ ತೆಗೆಯಲು ಒಳಗೆ ಹೋದಳು.